ಟೇಕ್‌ಆಫ್‌ನಲ್ಲಿ ಎಂಜಿನ್ ಸೊರಗಿದರೆ: ತಪ್ಪು ಗಾಳಿಯದೋ, ಯಂತ್ರದ್ದೋ?

ವಿಮಾನ ಎಳೆಯುತ್ತಿಲ್ಲ, ರನ್‌ವೇ ಮುಗಿಯುತ್ತ ಬಂದರೂ ಚಕ್ರ ಮೇಲೇಳುತ್ತಿಲ್ಲ, ಎದ್ದ ಮೇಲೂ ಏರಿಕೆ ನಿಧಾನ. ಸಣ್ಣ ಪಿಸ್ಟನ್ ವಿಮಾನಗಳ ಬಗ್ಗೆ ಈ ದೂರು ಬೇಸಿಗೆಯಲ್ಲೂ ಎತ್ತರದ ನಿಲ್ದಾಣಗಳಲ್ಲೂ ಹೆಚ್ಚು ಬರುತ್ತದೆ. ಆಗ ಎರಡು ಬಗೆಯ ಅವಸರ ನಡೆಯುತ್ತದೆ. ಒಂದು, ಬಿಸಿಲಿನ ಮೇಲೆ ಭಾರ ಹಾಕಿ ವಿಮಾನವನ್ನು ಹಾಗೇ ಹಾರಲು ಬಿಡುವುದು. ಇನ್ನೊಂದು, ಗಾಳಿಯ ಲೆಕ್ಕವನ್ನೇ ಹಾಕದೆ ಪ್ಲಗ್, ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೊ, ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಎಲ್ಲವನ್ನೂ ಬಿಚ್ಚುವುದು. ಮೊದಲನೆಯದು ಜೀವಕ್ಕೆ ಅಪಾಯ, ಎರಡನೆಯದರಲ್ಲಿ ಸರಿಯಿದ್ದ ಎಂಜಿನ್ ಕೆಡುವ ಸಂಭವ. ಗಾಳಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಬೇರ್ಪಡಿಸಬಹುದು. ಇಲ್ಲಿ ಹೇಳಿರುವುದು ಮುಖ್ಯವಾಗಿ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇಲ್ಲದ, ಸ್ಥಿರ ಪಿಚ್ (ಬ್ಲೇಡಿನ ಓರೆ ಬದಲಾಗದ) ಪ್ರೊಪೆಲ್ಲರ್ ಇರುವ ಎಂಜಿನ್‌ಗಳಿಗೆ. ಉಳಿದವುಗಳ ವ್ಯತ್ಯಾಸ ಕೊನೆಯ ಕಡೆಗೆ ಇದೆ.

ಮೊದಲು ಗಾಳಿಯ ಲೆಕ್ಕ

ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೊಪಾಸ್ಕಲ್, ತಾಪ 15 ಡಿಗ್ರಿ ಸೆಲ್ಸಿಯಸ್, ಸಾಂದ್ರತೆ ಘನಮೀಟರಿಗೆ 1.225 ಕಿಲೋ. 1000 ಅಡಿ ಏರಿದಂತೆಲ್ಲ ತಾಪ ಸುಮಾರು 2 ಡಿಗ್ರಿ ಇಳಿಯುತ್ತದೆ, ಒತ್ತಡ ಪಾದರಸದ ಸುಮಾರು 1 ಇಂಚು ಇಳಿಯುತ್ತದೆ. ಸಿಲಿಂಡರ್ ಪ್ರತಿ ಹೀರಿಕೆಯಲ್ಲೂ ಎಳೆದುಕೊಳ್ಳುವ ಗಾಳಿಯ ಗಾತ್ರ ಅಷ್ಟೇ, ಅದರಲ್ಲಿರುವ ಗಾಳಿಯ ತೂಕ ಮಾತ್ರ ಬೇರೆ. ಉರಿಯುವ ಇಂಧನ ಎಷ್ಟೆಂದು ನಿರ್ಧರಿಸುವುದು ಆ ತೂಕ.

ದೂರು ಬಂದ ದಿನದ ಮೂರು ಸಂಖ್ಯೆ ಬೇಕು: ಆಲ್ಟಿಮೀಟರ್‌ನ ಒತ್ತಡವನ್ನು 1013ಕ್ಕೆ ಇಟ್ಟಾಗ ಅದು ತೋರಿಸುವ ಪ್ರೆಶರ್ ಆಲ್ಟಿಟ್ಯೂಡ್, ನೆರಳಿನಲ್ಲಿ ಅಳೆದ ತಾಪ, ಮತ್ತು ತೇವಾಂಶ ತಿಳಿಸುವ ಡ್ಯೂ ಪಾಯಿಂಟ್ (ಗಾಳಿಯ ಆವಿ ಇಬ್ಬನಿಯಾಗುವ ತಾಪ). ಬಿಸಿಲಲ್ಲಿ ನಿಂತ ವಿಮಾನದ ಗಾಜಿಗೆ ಚುಚ್ಚಿರುವ ತಾಪಮಾಪಕವನ್ನು ನಂಬಬೇಡಿ, ಅದು ಹಲವು ಡಿಗ್ರಿ ಹೆಚ್ಚು ತೋರಿಸಬಲ್ಲದು. ಪ್ರೆಶರ್ ಆಲ್ಟಿಟ್ಯೂಡಿಗೆ ಸಲ್ಲುವ ಸ್ಟ್ಯಾಂಡರ್ಡ್ ತಾಪಕ್ಕಿಂತ ಹೊರಗಿನ ತಾಪ ಎಷ್ಟು ಡಿಗ್ರಿ ಹೆಚ್ಚಿದೆಯೋ ಅದನ್ನು 120ರಿಂದ ಗುಣಿಸಿ ಪ್ರೆಶರ್ ಆಲ್ಟಿಟ್ಯೂಡಿಗೆ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಅಷ್ಟೇ ಸಾಂದ್ರತೆ ಇರುವ ಎತ್ತರ, ಸಿಗುತ್ತದೆ.

ಉದಾಹರಣೆಗೆ ನಿಲ್ದಾಣದ ಎತ್ತರ 3000 ಅಡಿ, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಸ್ಥಳದ ಒತ್ತಡ) 1010, ತಾಪ 35 ಡಿಗ್ರಿ ಎಂದಿಟ್ಟುಕೊಳ್ಳಿ. 3 ಹೆಕ್ಟೊಪಾಸ್ಕಲ್ ಕೊರತೆಗೆ ಸುಮಾರು 90 ಅಡಿ ಸೇರಿ ಪ್ರೆಶರ್ ಆಲ್ಟಿಟ್ಯೂಡ್ ಸುಮಾರು 3100 ಅಡಿ. ಅಲ್ಲಿ ಸ್ಟ್ಯಾಂಡರ್ಡ್ ತಾಪ 9 ಡಿಗ್ರಿ, ಅಂದರೆ 26 ಡಿಗ್ರಿ ಹೆಚ್ಚು. 26ನ್ನು 120ರಿಂದ ಗುಣಿಸಿದರೆ 3120. ಎಂಜಿನ್ ನಿಂತಿರುವುದು 3000 ಅಡಿಯಲ್ಲಾದರೂ ಅದು ಉಸಿರಾಡುತ್ತಿರುವುದು ಸುಮಾರು 6200 ಅಡಿಯ ಗಾಳಿ. ಸಾಂದ್ರತೆಯ ಅನುಪಾತ ಸಮುದ್ರಮಟ್ಟದ 0.83ರ ಆಸುಪಾಸು.

ಶಕ್ತಿಗೆ ಬರುವ ಹೊಡೆತ ಸಾಂದ್ರತೆಯ ಇಳಿಕೆಗಿಂತ ಸ್ವಲ್ಪ ದೊಡ್ಡದು. ಪಿಸ್ಟನ್‌ಗಳ ಘರ್ಷಣೆ, ವಾಲ್ವ್‌ಗಳು, ಪಂಪ್‌ಗಳು ತಿನ್ನುವ ಶಕ್ತಿ ಗಾಳಿ ತೆಳುವಾದರೂ ಹೆಚ್ಚುಕಡಿಮೆ ಅಷ್ಟೇ ಉಳಿಯುವುದು ಇದಕ್ಕೆ ಕಾರಣ. ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ ಹೀಗಿದೆ: ಸಾಂದ್ರತೆಯ ಅನುಪಾತವನ್ನು 1.132ರಿಂದ ಗುಣಿಸಿ, 0.132 ಕಳೆಯಿರಿ. ನಮ್ಮ ಉದಾಹರಣೆಯಲ್ಲಿ ಬರುವುದು ಸುಮಾರು ಶೇ. 81. ಈ ಸೂತ್ರ ಬಿಸಿ ದಿನದಲ್ಲಿ ತುಸು ಕಠಿಣ. ಎಂಜಿನ್ ತಯಾರಕರ ಚಾರ್ಟ್‌ಗಳಲ್ಲಿ ಒತ್ತಡದ ಲೆಕ್ಕ ಬೇರೆ, ತಾಪದ ತಿದ್ದುಪಡಿ ಬೇರೆ. ತಾಪಕ್ಕೆ ಪ್ರತಿ 6 ಡಿಗ್ರಿಗೆ ಸುಮಾರು ಶೇ. 1 ಕಳೆಯುತ್ತಾರೆ. ಹಾಗೆ ಮಾಡಿದರೆ ಶೇ. 86 ಬರುತ್ತದೆ. ನಿಮ್ಮ ಎಂಜಿನ್ನಿನ ಚಾರ್ಟ್ ಕೈಯಲ್ಲಿದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಎರಡು ಸಂಖ್ಯೆಗಳ ನಡುವಿನ ಪಟ್ಟಿಯನ್ನು ಇಟ್ಟುಕೊಳ್ಳಿ: 180 ಅಶ್ವಶಕ್ತಿಯ ಎಂಜಿನ್ ಆ ದಿನ ಕೊಡಬಲ್ಲದ್ದು 146ರಿಂದ 155. ಉಳಿದದ್ದು ಎಲ್ಲೂ ಕಳೆದುಹೋಗಿಲ್ಲ, ಗಾಳಿಯಲ್ಲಿ ಅದು ಇರಲೇ ಇಲ್ಲ.

ತೇವಾಂಶವನ್ನು ಡೆನ್ಸಿಟಿ ಆಲ್ಟಿಟ್ಯೂಡಿನ ಸರಳ ಲೆಕ್ಕ ಹಿಡಿಯುವುದಿಲ್ಲ. 30 ಡಿಗ್ರಿ ತಾಪ, ಶೇ. 80 ತೇವಾಂಶ ಇದ್ದಾಗ ನೀರಾವಿಯ ಒತ್ತಡ ಸುಮಾರು 34 ಹೆಕ್ಟೊಪಾಸ್ಕಲ್. ಇದರಿಂದ ಗಾಳಿಯ ಸಾಂದ್ರತೆ ಇಳಿಯುವುದು ಶೇ. 1.3ರಷ್ಟು ಮಾತ್ರ. ಆದರೆ ಸಮುದ್ರಮಟ್ಟದಲ್ಲಿ ಆ ಆವಿ ಆಕ್ಸಿಜನ್ ಇರುವ ಒಣಗಾಳಿಯ ಶೇ. 3ಕ್ಕೂ ಹೆಚ್ಚು ಜಾಗವನ್ನು ಕಬಳಿಸಿರುತ್ತದೆ. ಕಾರ್ಬ್ಯುರೇಟರ್‌ಗೆ ಆವಿ ಯಾವುದು, ಗಾಳಿ ಯಾವುದು ಎಂಬ ಭೇದವಿಲ್ಲ. ಆವಿಗೂ ಸೇರಿಸಿ ಇಂಧನ ಕೊಡುವುದರಿಂದ ಮಿಶ್ರಣವೂ ರಿಚ್ (ಇಂಧನ ಹೆಚ್ಚಾದದ್ದು) ಆಗುತ್ತದೆ. ಮಳೆ ನಿಂತ ಮೇಲಿನ ಸೆಕೆಯಲ್ಲಿ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚು ಶಕ್ತಿ ಹೋದರೆ ಅಚ್ಚರಿಪಡಬೇಕಿಲ್ಲ.

ತೆಳು ಗಾಳಿ ಆರ್‌ಪಿಎಂ ಇಳಿಸುವುದಿಲ್ಲ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಅದು ಇದು. ವಿಮಾನವನ್ನು ನಿಲ್ಲಿಸಿಕೊಂಡು ಫುಲ್ ಥ್ರಾಟಲ್ ಕೊಟ್ಟಾಗ ಬರುವ ಸ್ಟ್ಯಾಟಿಕ್ ಆರ್‌ಪಿಎಂ ಮೇಲೆ ಸಾಂದ್ರತೆಯ ಪ್ರಭಾವ ಬಹಳ ಕಡಿಮೆ. ಗಾಳಿ ತೆಳುವಾದರೆ ಎಂಜಿನ್ನಿನ ತಿರುಚುಬಲ ಇಳಿಯುತ್ತದೆ, ಸರಿ. ಆದರೆ ಅದೇ ತೆಳು ಗಾಳಿಯನ್ನು ಕಡೆಯುವ ಪ್ರೊಪೆಲ್ಲರ್ ಒಡ್ಡುವ ಅಡ್ಡಿಯೂ ಜೊತೆಜೊತೆಗೇ ಇಳಿಯುತ್ತದೆ. ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ಸಮತೋಲನದ ವೇಗ ಬಹುತೇಕ ಅಲ್ಲೇ ನಿಲ್ಲುತ್ತದೆ.

ಸಾಂದ್ರತೆ ಶೇ. 80ಕ್ಕೆ ಇಳಿದರೆ, ಅಂದರೆ ಸುಮಾರು 7400 ಅಡಿ ಡೆನ್ಸಿಟಿ ಆಲ್ಟಿಟ್ಯೂಡಿನಲ್ಲಿ, ಮೇಲಿನ ಕಠಿಣ ಸೂತ್ರದ ಪ್ರಕಾರವೂ ಆರ್‌ಪಿಎಂ ಇಳಿಯುವುದು ಶೇ. 2ರೊಳಗೆ. ಸಮುದ್ರಮಟ್ಟದಲ್ಲಿ 2350 ಕೊಡುವ ಎಂಜಿನ್ ಅಲ್ಲಿ 2310 ಕೊಡುತ್ತದೆ. ಪ್ರೊಪೆಲ್ಲರ್‌ನ ಎಳೆತ ಮಾತ್ರ ಆ ಹೊತ್ತಿಗೆ ಶೇ. 23 ಕಡಿಮೆಯಾಗಿರುತ್ತದೆ.

ಇದರಿಂದ ಎರಡು ತೀರ್ಮಾನ. ಸ್ಟ್ಯಾಟಿಕ್ ಆರ್‌ಪಿಎಂ ಕೈಪಿಡಿಯ ಕನಿಷ್ಠ ಮಿತಿಗಿಂತ 50 ಅಥವಾ 100 ಕೆಳಗಿದ್ದರೆ ಅದು ಬಿಸಿಲಿನ ಕೆಲಸವಲ್ಲ. ಯಂತ್ರದಲ್ಲಿ, ಮಿಕ್ಸ್ಚರ್‌ನಲ್ಲಿ (ಗಾಳಿ-ಇಂಧನದ ಮಿಶ್ರಣದಲ್ಲಿ) ಅಥವಾ ಅಳೆಯುವ ಉಪಕರಣದಲ್ಲಿ ದೋಷವಿದೆ. ಎರಡನೆಯದು ಇನ್ನೂ ಮುಖ್ಯ: ಆರ್‌ಪಿಎಂ ಮಿತಿಯೊಳಗಿದೆ ಎಂದರೆ ಎಂಜಿನ್ ಆರೋಗ್ಯವಾಗಿದೆ ಎಂದಷ್ಟೇ ಅರ್ಥ, ಎಳೆತ ಪೂರ್ತಿ ಇದೆ ಎಂದಲ್ಲ. ಸೂಜಿ ಎಂದಿನ ಜಾಗದಲ್ಲೇ ನಿಂತಿದೆ ಎಂದು ನಂಬಿ ಹೊರಟ ಪೈಲಟ್‌ಗೆ ರನ್‌ವೇ ಸಾಲದೆ ಹೋಗುವುದು ಇಲ್ಲೇ.

ಸ್ಟ್ಯಾಟಿಕ್ ಪರೀಕ್ಷೆ

ಮಿತಿಯನ್ನು ಆ ವಿಮಾನದ ಕೈಪಿಡಿಯಿಂದ ಅಥವಾ ಟೈಪ್ ಸರ್ಟಿಫಿಕೇಟ್ ಡೇಟಾ ಶೀಟ್‌ನಿಂದ ತೆಗೆದುಕೊಳ್ಳಿ. ಸೆಸ್ನಾ 172ಎಸ್‌ಗೆ, ಮಿಕ್ಸ್ಚರನ್ನು ಗರಿಷ್ಠ ಆರ್‌ಪಿಎಂ ಬರುವಂತೆ ಲೀನ್ ಮಾಡಿದಾಗ (ಇಂಧನದ ಪಾಲು ತಗ್ಗಿಸಿದಾಗ), ಇದು 2300ರಿಂದ 2400. ಒಂದೇ ಮಾದರಿಯ ವಿಮಾನಕ್ಕೂ ಪ್ರೊಪೆಲ್ಲರ್ ಬದಲಾದರೆ ಮಿತಿ ಬದಲಾಗುತ್ತದೆ, ಹಾಗಾಗಿ ಹಬ್ ಮೇಲೆ ಒತ್ತಿರುವ ಮಾದರಿ ಸಂಖ್ಯೆಯನ್ನೂ ಓದಿ.

ಗಾಳಿ ಬೀಸದ ಹೊತ್ತು ಒಳ್ಳೆಯದು. ಬೀಸುತ್ತಿದ್ದರೆ ಒಮ್ಮೆ ಗಾಳಿಗೆ ಮುಖ ಮಾಡಿ, ಒಮ್ಮೆ ಬೆನ್ನು ಮಾಡಿ ಅಳೆದು ಸರಾಸರಿ ತೆಗೆಯಿರಿ. ಜಲ್ಲಿಯಿಲ್ಲದ ನೆಲ, ಚಕ್ರಕ್ಕೆ ಚಾಕ್, ಬ್ರೇಕ್ ಬಿಗಿ, ಪ್ರೊಪೆಲ್ಲರ್ ಸುತ್ತ ಮತ್ತು ಹಿಂದೆ ಯಾರೂ ಇಲ್ಲ ಎಂಬ ಖಾತರಿ. ಎಣ್ಣೆ ಬಿಸಿಯಾಗಿ, ಥ್ರಾಟಲ್ ಕೊಟ್ಟಾಗ ಎಂಜಿನ್ ತಡವರಿಸದೆ ಏರುವಂತಿರಬೇಕು. ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್‌ನ ಹಿಡಿ ಪೂರ್ತಿ ಒಳಗಿರಲಿ, ಅಂದರೆ ಅದು ಮುಚ್ಚಿರಲಿ. ಎರಡು ಮೂರು ಸೆಕೆಂಡು ತೆಗೆದುಕೊಂಡು ಥ್ರಾಟಲನ್ನು ಕೊನೆಯವರೆಗೆ ಒತ್ತಿ, ಮಿಕ್ಸ್ಚರ್ ಹೊಂದಿಸಿ, ಸೂಜಿ ನಿಂತ ಕೂಡಲೇ ಸಂಖ್ಯೆ ಬರೆದುಕೊಂಡು ಇಳಿಸಿ. ನಿಂತಲ್ಲಿ ಕೂಲಿಂಗ್ ಗಾಳಿ ಸಾಲದು, ಆದ್ದರಿಂದ ಫುಲ್ ಥ್ರಾಟಲ್ 10 ಸೆಕೆಂಡಿಗಿಂತ ಹೆಚ್ಚು ಬೇಡ.

ಕೇಬಲ್‌ನಿಂದ ನಡೆಯುವ ಹಳೆಯ ಟ್ಯಾಕೊಮೀಟರ್ ಸವೆದಂತೆ ಸುಳ್ಳು ಹೇಳತೊಡಗುತ್ತದೆ, ಹೆಚ್ಚಾಗಿ ಕಡಿಮೆ ತೋರಿಸುವ ಕಡೆಗೆ. ಆದುದರಿಂದ ಕಡಿಮೆ ಆರ್‌ಪಿಎಂ ಕಂಡಾಗ ಮೊದಲ ಅನುಮಾನ ಗೇಜ್ ಮೇಲಿರಲಿ. ಆಪ್ಟಿಕಲ್ ಟ್ಯಾಕೊಮೀಟರಿನಲ್ಲಿ ಬ್ಲೇಡ್ ಸಂಖ್ಯೆ ಸರಿಯಾಗಿ ಇಟ್ಟು, ಕಾಕ್‌ಪಿಟ್ ಒಳಗಿನಿಂದಲೇ ಗಾಜಿನ ಮೂಲಕ ಪ್ರೊಪೆಲ್ಲರ್‌ಗೆ ಹಿಡಿದು ಹೋಲಿಸಿ. ಐದು ನಿಮಿಷದ ಈ ಕೆಲಸ ಎಷ್ಟೋ ಸಲ ಇಡೀ ತನಿಖೆಯನ್ನು ಇಲ್ಲಿಗೇ ಮುಗಿಸುತ್ತದೆ.

ಆರ್‌ಪಿಎಂ ಗರಿಷ್ಠ ಮಿತಿಗಿಂತ ಮೇಲಿದ್ದು ಎಳೆತ ಕಡಿಮೆ ಎಂಬ ದೂರಿದ್ದರೆ ಎಂಜಿನ್ ಬಿಟ್ಟು ಪ್ರೊಪೆಲ್ಲರ್ ನೋಡಿ. ಪದೇ ಪದೇ ಅರ ಹಾಕಿ ಬ್ಲೇಡ್ ಕಿರಿದಾಗಿರಬಹುದು, ವ್ಯಾಸ ತಗ್ಗಿರಬಹುದು, ಪಿಚ್ ಬದಲಾಗಿರಬಹುದು.

ಮಿಕ್ಸ್ಚರ್: ಗಾಳಿಗೂ ಯಂತ್ರಕ್ಕೂ ನಡುವಿನ ತಕರಾರು

ಎತ್ತರದ ನಿಲ್ದಾಣಗಳಲ್ಲಿ ಬರುವ ದೂರುಗಳಲ್ಲಿ ದೊಡ್ಡ ಪಾಲು ಇದರದು. ಇಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಸಾಮಾನ್ಯ ಕಾರ್ಬ್ಯುರೇಟರ್ ತನ್ನ ವೆಂಚುರಿಯ (ಗಾಳಿ ಸಾಗುವ ಕಿರಿದಾದ ಕೊರಳಿನ) ಒತ್ತಡದ ವ್ಯತ್ಯಾಸವನ್ನು ನೋಡಿ ಇಂಧನ ಬಿಡುತ್ತದೆ. ಸಾಂದ್ರತೆ ಇಳಿದಾಗ ಗಾಳಿಯ ತೂಕ ಇಳಿಯುವಷ್ಟು ಇಂಧನ ಇಳಿಯುವುದಿಲ್ಲ, ಅದು ಸಾಂದ್ರತೆಯ ವರ್ಗಮೂಲದಂತೆ ಮಾತ್ರ ಇಳಿಯುತ್ತದೆ. ಸಾಂದ್ರತೆ 0.83 ಆದಾಗ ಮಿಶ್ರಣ ಶೇ. 9ರಿಂದ 10 ಹೆಚ್ಚು ರಿಚ್ ಆಗಿರುತ್ತದೆ. ಫುಲ್ ರಿಚ್ ಎಂಬ ಸ್ಥಾನವೇ ಸಮುದ್ರಮಟ್ಟದಲ್ಲಿ ಗರಿಷ್ಠ ಶಕ್ತಿಗೆ ಬೇಕಾದ 12.5 ಅಥವಾ 13 ಪಾಲು ಗಾಳಿಗೆ 1 ಪಾಲು ಇಂಧನದ ಮಿಶ್ರಣಕ್ಕಿಂತ ರಿಚ್ ಆಗಿರುತ್ತದೆ, ತಂಪಿಗೆಂದು ಹಾಗೆ ಇಟ್ಟಿರುತ್ತಾರೆ. ಅದರ ಮೇಲೆ ಇನ್ನೂ ಶೇ. 10 ಸೇರಿದರೆ ಎಂಜಿನ್ ಉಬ್ಬಸಪಡುತ್ತದೆ, ಎಗ್ಜಾಸ್ಟ್‌ನಲ್ಲಿ ಕಪ್ಪು ಹೊಗೆ, ಪ್ಲಗ್ ಮೇಲೆ ಮಸಿ.

ಪರೀಕ್ಷೆ ಸುಲಭ. ಫುಲ್ ಥ್ರಾಟಲ್‌ನಲ್ಲಿ ಮಿಕ್ಸ್ಚರ್ ಹಿಡಿಯನ್ನು ನಿಧಾನವಾಗಿ ಲೀನ್ ಕಡೆಗೆ ಎಳೆಯಿರಿ. ಆರ್‌ಪಿಎಂ ಏರಿ, ಶಿಖರ ಮುಟ್ಟಿ, ಮತ್ತೆ ಇಳಿಯತೊಡಗುತ್ತದೆ. ಶಿಖರದಿಂದ ತುಸು ರಿಚ್ ಕಡೆಗೆ ವಾಪಸ್ ಒತ್ತಿ. ಹೀಗೆ ಮಾಡಿದಾಗ ಆರ್‌ಪಿಎಂ ಮಿತಿಯೊಳಗೆ ಬಂದು ಎಂಜಿನ್ ನುಣುಪಾಗಿ ಓಡಿದರೆ ದೋಷ ಸಿಕ್ಕಿತು: ಫುಲ್ ರಿಚ್‌ನಲ್ಲೇ ಟೇಕ್‌ಆಫ್ ಮಾಡಲಾಗಿತ್ತು. ಟರ್ಬೊ ಇಲ್ಲದ ಎಂಜಿನ್‌ಗಳಿಗೆ ಡೆನ್ಸಿಟಿ ಆಲ್ಟಿಟ್ಯೂಡ್ 5000 ಅಡಿ ದಾಟಿದರೆ ಟೇಕ್‌ಆಫ್‌ಗೂ ಲೀನ್ ಮಾಡಬೇಕೆಂಬುದು ಎಂಜಿನ್ ತಯಾರಕ ಲೈಕಮಿಂಗ್‌ನ ಸಾಮಾನ್ಯ ಸಲಹೆ. ನಮ್ಮ ಉದಾಹರಣೆಯ ನಿಲ್ದಾಣ ನಕ್ಷೆಯಲ್ಲಿ 3000 ಅಡಿಯದಾದರೂ ಆ ಮಿತಿಯನ್ನು ದಾಟಿಬಿಟ್ಟಿದೆ ಎಂಬುದನ್ನು ಗಮನಿಸಿ. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದ್ದರೆ ಕೈಪಿಡಿಯದೇ ಅಂತಿಮ.

ಎಳೆದಾಗ ಆರ್‌ಪಿಎಂ ಏರದೆ ನೇರ ಇಳಿದರೆ ಮಿಶ್ರಣ ಆಗಲೇ ಲೀನ್. ಎತ್ತರದಲ್ಲಿ ಇದು ಸಹಜವಲ್ಲ. ಇಂಧನ ಫಿಲ್ಟರ್ ಕಟ್ಟಿದೆಯೇ, ಟ್ಯಾಂಕಿನ ವೆಂಟ್ ಮುಚ್ಚಿದೆಯೇ, ಫ್ಲೋಟ್ ಮಟ್ಟ ಕೆಳಗಿದೆಯೇ, ಇಂಜೆಕ್ಟರ್ ನಾಜಲ್‌ಗಳು ಕೊಳೆಯಾಗಿವೆಯೇ ನೋಡಿ. ಬದಲಿಗೆ, ಬಹಳ ಎಳೆದ ಮೇಲಷ್ಟೇ ನುಣುಪಾದರೆ, ಗಾಳಿಯ ಪಾಲನ್ನು ಮೀರಿದ ರಿಚ್ ಇದೆ. ಲಾಕ್ ಆಗದ ಪ್ರೈಮರ್ (ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಇಂಧನ ಚಿಮ್ಮಿಸುವ ಕೈಪಂಪು) ಇದಕ್ಕೆ ಬಹಳ ಸಾಮಾನ್ಯ ಕಾರಣ. ಹಿಡಿಯನ್ನು ಒಳಗೊತ್ತಿ ತಿರುಗಿಸಿದ ಮೇಲೆ ಎಳೆದರೆ ಹೊರಬರಬಾರದು. ಆಮೇಲೆ ಫ್ಲೋಟ್ ವಾಲ್ವ್ ಸೋರಿಕೆ.

ಐಡಲ್ ಮಿಕ್ಸ್ಚರನ್ನು ಎತ್ತರದ ನಿಲ್ದಾಣದಲ್ಲಿ ತಿರುಗಿಸುವ ಮೊದಲು ಯೋಚಿಸಿ. ಐಡಲ್‌ನಲ್ಲಿ ಮಿಕ್ಸ್ಚರನ್ನು ಕಟ್-ಆಫ್‌ಗೆ ಎಳೆದಾಗ ಆರ್‌ಪಿಎಂ 10ರಿಂದ 50 ಏರಿ ಬೀಳಬೇಕು ಎಂಬುದು ವಾಡಿಕೆಯ ಅಳತೆ. ತಗ್ಗಿನಲ್ಲಿ ಸರಿಯಾಗಿ ಹೊಂದಿಸಿದ ಎಂಜಿನ್ ಎತ್ತರದಲ್ಲಿ ಇದಕ್ಕಿಂತ ಹೆಚ್ಚು ಏರುವುದು ಸಹಜ. ಅದನ್ನೇ ದೋಷವೆಂದು ತಿಳಿದು ಲೀನ್ ಮಾಡಿಟ್ಟರೆ, ವಿಮಾನ ತಗ್ಗಿನ ನಿಲ್ದಾಣಕ್ಕೆ ಮರಳಿದಾಗ ಥ್ರಾಟಲ್ ಕೊಟ್ಟ ಕೂಡಲೇ ಎಂಜಿನ್ ಕೆಮ್ಮಿ ನಿಲ್ಲಬಹುದು.

ಗಾಳಿ ಬರುವ ದಾರಿ

ಮಿಕ್ಸ್ಚರ್ ಸರಿಮಾಡಿದರೂ ಆರ್‌ಪಿಎಂ ಕಡಿಮೆಯೇ ಇದ್ದರೆ ಹೊರಗಿನ ಗಾಳಿ ಸಿಲಿಂಡರ್‌ವರೆಗೆ ಪೂರ್ತಿ ತಲುಪುತ್ತಿದೆಯೇ ಎಂದು ನೋಡಿ. ಇಲ್ಲಿನ ದೋಷಗಳೆಲ್ಲ ಎಂಜಿನ್ನಿಗೆ ಕೃತಕವಾದ ಡೆನ್ಸಿಟಿ ಆಲ್ಟಿಟ್ಯೂಡನ್ನು ಸೃಷ್ಟಿಸುತ್ತವೆ. ಅದು ಕಣ್ಣಿಗೆ ಬೀಳುವುದು ಏಕೆಂದರೆ ಪ್ರೊಪೆಲ್ಲರ್ ಮಾತ್ರ ಹೊರಗಿನ ದಪ್ಪ ಗಾಳಿಯಲ್ಲೇ ತಿರುಗುತ್ತಿರುತ್ತದೆ. ಎಂಜಿನ್ ಸೋತರೂ ಅದರ ಹೊರೆ ಇಳಿಯುವುದಿಲ್ಲ, ಆರ್‌ಪಿಎಂ ಬೀಳುತ್ತದೆ.

ಸಿಲಿಂಡರ್‌ಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಪ್ರೆಶರ್ ಗೇಜ್ ಇದ್ದರೆ ಅದೇ ಒಳ್ಳೆಯ ಸಾಕ್ಷಿ. ಎಂಜಿನ್ ನಿಂತಿರುವಾಗ ಅದು ಆ ಜಾಗದ ನಿಜವಾದ ಒತ್ತಡವನ್ನು ತೋರಿಸಬೇಕು. 3100 ಅಡಿ ಪ್ರೆಶರ್ ಆಲ್ಟಿಟ್ಯೂಡಿನಲ್ಲಿ ಅದು 26.7 ಇಂಚು, ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಗೇಜ್ ಸರಿಮಾಡಿ. ಕ್ಯೂಎನ್‌ಎಚ್‌ಗೆ ಹೋಲಿಸಬೇಡಿ, ಅದು ಸಮುದ್ರಮಟ್ಟಕ್ಕೆ ಇಳಿಸಿದ ಸಂಖ್ಯೆ. ಫುಲ್ ಥ್ರಾಟಲ್‌ನಲ್ಲಿ ಆ ಸಂಖ್ಯೆಗಿಂತ ಸುಮಾರು 1 ಇಂಚು, ಕೆಲವು ಎಂಜಿನ್‌ಗಳಲ್ಲಿ ಒಂದೂವರೆ ಇಂಚು ಕಡಿಮೆ ಬರುವುದು ಸಹಜ. 3 ಇಂಚು ಕಡಿಮೆ ಬಂದರೆ ದಾರಿಯಲ್ಲಿ ಏನೋ ಅಡ್ಡ ನಿಂತಿದೆ.

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಎಣ್ಣೆ ಹಚ್ಚುವ ಬಗೆಯ ಫಿಲ್ಟರ್‌ಗೆ ಅತಿಯಾಗಿ ಹಚ್ಚಿದರೂ ಉಸಿರು ಕಟ್ಟುತ್ತದೆ. ಫಿಲ್ಟರ್ ಬಿಟ್ಟು ಬೇರೆ ದಾರಿಯಿಂದ ಗಾಳಿ ಕೊಡುವ ಆಲ್ಟರ್ನೇಟ್ ಏರ್ ತೆರೆದಾಗ ಮ್ಯಾನಿಫೋಲ್ಡ್ ಪ್ರೆಶರ್ ಏರಿದರೆ ಫಿಲ್ಟರ್ ಕಡೆಯದೇ ತಪ್ಪು. ಫಿಲ್ಟರಿನಿಂದ ಮುಂದಿನ ಸ್ಕ್ಯಾಟ್ ಹೋಸ್‌ನ (ಬಾಗುವ ಗಾಳಿಕೊಳವೆಯ) ಒಳಪದರ ಬಿಟ್ಟುಕೊಂಡು ಹೀರಿಕೆಯ ಬಲಕ್ಕೆ ಮಡಚಿಕೊಳ್ಳುವುದುಂಟು. ಎಂಜಿನ್ ನಿಂತಾಗ ಅದು ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಬೆರಳು ಹಾಕಿ ಒಳಪದರವನ್ನು ತಡವಿ ನೋಡಿ.

ಥ್ರಾಟಲ್ ಕೇಬಲ್ ಅನ್ನು ಕಾಕ್‌ಪಿಟ್‌ನಿಂದ ಪೂರ್ತಿ ಒತ್ತಿಸಿ, ಕೌಲಿಂಗ್ ತೆರೆದು ಕಾರ್ಬ್ಯುರೇಟರ್ ಅಥವಾ ಇಂಜೆಕ್ಷನ್ ಎಂಜಿನ್ನಿನ ಸರ್ವೊ ಮೇಲಿನ ತೋಳು ತನ್ನ ಸ್ಟಾಪ್‌ಗೆ ತಾಗುತ್ತಿದೆಯೇ ನೋಡಿ. ಥ್ರಾಟಲ್ ಹಿಡಿ ಡ್ಯಾಶ್‌ಬೋರ್ಡ್‌ಗೆ ತಾಗುವ ಮೊದಲೇ ತೋಳು ಸ್ಟಾಪ್ ಮುಟ್ಟಬೇಕು. ಮಿಕ್ಸ್ಚರ್ ತೋಳಿಗೂ ಇದೇ ನಿಯಮ.

ಕಾರ್ಬ್ ಹೀಟ್‌ನ ಫ್ಲ್ಯಾಪ್ ಪೂರ್ತಿ ಮುಚ್ಚದಿರುವುದು ಸುಲಭವಾಗಿ ಕಣ್ತಪ್ಪುವ ದೋಷ. ಪೂರ್ತಿ ತೆರೆದ ಕಾರ್ಬ್ ಹೀಟ್ ಶಕ್ತಿಯನ್ನು ಶೇ. 15ರವರೆಗೆ ಕಸಿಯಬಲ್ಲದು, ಅರೆತೆರೆದ ಫ್ಲ್ಯಾಪ್ ಅದರಲ್ಲಿ ಒಂದು ಪಾಲನ್ನು ಸದಾ ಕಸಿಯುತ್ತಿರುತ್ತದೆ. ರನ್-ಅಪ್‌ನಲ್ಲಿ (ಹೊರಡುವ ಮುನ್ನ ನಿಂತಲ್ಲೇ ಎಂಜಿನ್ ಪರೀಕ್ಷಿಸುವಾಗ) ಕಾರ್ಬ್ ಹೀಟ್ ಎಳೆದಾಗ ಆರ್‌ಪಿಎಂ ಸ್ಪಷ್ಟವಾಗಿ ಇಳಿಯಬೇಕು. ಇಳಿಯದಿದ್ದರೆ ಬಿಸಿಗಾಳಿ ಬರುತ್ತಲೇ ಇಲ್ಲ, ಅಥವಾ ಆಗಲೇ ಬರುತ್ತಿದೆ. ಇಳಿದು, ಒಂದಿಷ್ಟು ಹೊಯ್ದಾಡಿ, ಮತ್ತೆ ಏರಿದರೆ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಇತ್ತು, ಅದು ಕರಗಿತು. ಸೆಕೆಯ ದಿನ ಮಂಜುಗಡ್ಡೆ ಹೇಗೆ ಎನ್ನಬೇಡಿ. ಇಂಧನ ಆವಿಯಾಗುವಾಗ ಮತ್ತು ವೆಂಚುರಿಯಲ್ಲಿ ಗಾಳಿ ಹಿಗ್ಗುವಾಗ ತಾಪ 30 ಡಿಗ್ರಿಗೂ ಮೀರಿ ಇಳಿಯಬಲ್ಲದು. ಮೈನಸ್ 7ರಿಂದ 21 ಡಿಗ್ರಿವರೆಗೆ, ಶೇ. 80ಕ್ಕೂ ಮೀರಿದ ತೇವಾಂಶದಲ್ಲಿ ಅಪಾಯ ಹೆಚ್ಚು. 38 ಡಿಗ್ರಿಯಲ್ಲೂ ತೇವಾಂಶವಿದ್ದರೆ ಸಾಧ್ಯ. ಕಾರ್ಬ್ ಹೀಟ್ ಗಾಳಿ ಫಿಲ್ಟರ್ ದಾಟಿ ಬರುವುದಿಲ್ಲ, ಆದ್ದರಿಂದ ಧೂಳಿನ ನೆಲದಲ್ಲಿ ಈ ಪರೀಕ್ಷೆ ಚಿಕ್ಕದಾಗಿರಲಿ.

ಇಂಟೇಕ್ ಪೈಪಿನ ಸೋರಿಕೆಯ ಲಕ್ಷಣ ತಿರುಗಾಮುರುಗಾ: ಐಡಲ್‌ನಲ್ಲಿ ಒರಟು, ಫುಲ್ ಥ್ರಾಟಲ್‌ನಲ್ಲಿ ಬಹುತೇಕ ಸರಿ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ 10ರಿಂದ 12 ಇಂಚು ಮಾತ್ರ ಇರುವುದರಿಂದ ಹೊರಗಾಳಿ ರಭಸದಿಂದ ನುಗ್ಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಒಳಗೂ ಹೊರಗೂ ಒತ್ತಡ ಹತ್ತಿರ ಹತ್ತಿರ. ಗ್ಯಾಸ್ಕೆಟ್ ಸುತ್ತ, ರಬ್ಬರ್ ಹೋಸ್‌ಗಳ ತುದಿಯಲ್ಲಿ ಇಂಧನದ ಬಣ್ಣದ ಕಲೆ ಹುಡುಕಿ.

ಇಗ್ನಿಷನ್

ಎತ್ತರದಲ್ಲಿ ಮ್ಯಾಗ್ನೆಟೊ ಪರೀಕ್ಷೆ ಮಾಡುವ ಮೊದಲು ಲೀನ್ ಮಾಡಿ. ಇಲ್ಲವಾದರೆ ರಿಚ್‌ನಿಂದ ಬಂದ ಒರಟುತನ ಮ್ಯಾಗ್ನೆಟೊ ದೋಷದಂತೆ ಕಾಣುತ್ತದೆ, ಸರಿಯಿರುವ ಮ್ಯಾಗ್ನೆಟೊ ಬಿಚ್ಚಿಕೊಂಡು ವರ್ಕ್‌ಶಾಪಿಗೆ ಹೋಗುತ್ತದೆ. ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಿದಾಗ 172ಎಸ್‌ಗೆ 1800 ಆರ್‌ಪಿಎಂನಲ್ಲಿ ಇಳಿಕೆ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಇಳಿಕೆಯ ಪ್ರಮಾಣಕ್ಕಿಂತ ಅದು ಇಳಿಯುವ ಬಗೆ ಹೆಚ್ಚು ಹೇಳುತ್ತದೆ. ತಟ್ಟನೆ ಬಿದ್ದು ಎಂಜಿನ್ ನಡುಗಿದರೆ ಯಾವುದೋ ಪ್ಲಗ್ ಉರಿಯುತ್ತಿಲ್ಲ. 1800ರಿಂದ 2000 ಆರ್‌ಪಿಎಂನಲ್ಲಿ ಲೀನ್ ಮಾಡಿ ಒಂದೆರಡು ನಿಮಿಷ, ತಾಪಗಳ ಮೇಲೆ ಕಣ್ಣಿಟ್ಟು, ಓಡಿಸಿದರೆ ಮಸಿ ಸುಟ್ಟುಹೋಗಬಹುದು. ಹೋಗದಿದ್ದರೆ ಪ್ಲಗ್ ತೆಗೆಯಿರಿ. ನಡುಕವಿಲ್ಲದೆ ನುಣುಪಾಗಿಯೇ ಹೆಚ್ಚು ಇಳಿದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ತಡವಾಗಿದೆ. ಎರಡು ಮ್ಯಾಗ್ನೆಟೊಗಳೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ವ್ಯತ್ಯಾಸದ ಪರೀಕ್ಷೆ ಏನೂ ಹೇಳುವುದಿಲ್ಲ, ಸ್ಟ್ಯಾಟಿಕ್ ಆರ್‌ಪಿಎಂ ಮಾತ್ರ ಕಡಿಮೆ ಬರುತ್ತದೆ. ಎಂಜಿನ್ನಿನ ಡೇಟಾ ಪ್ಲೇಟ್ ಮೇಲೆ ಬರೆದಿರುವ ಡಿಗ್ರಿಯನ್ನೇ ನಂಬಿ. ಟೈಮಿಂಗ್ ಮುಂದಾಗಿದ್ದರೆ ಇಳಿಕೆ ಅನುಮಾನ ಬರುವಷ್ಟು ಕಡಿಮೆ ಇರುತ್ತದೆ. ಅದು ಶುಭಸೂಚನೆಯಲ್ಲ, ಸಿಲಿಂಡರ್ ತಾಪ ಏರಿ ಡೆಟೊನೇಶನ್‌ಗೆ (ಮಿಶ್ರಣ ಉರಿಯುವ ಬದಲು ಸಿಡಿಯುವುದಕ್ಕೆ) ದಾರಿಯಾಗುತ್ತದೆ.

ಸಿಲಿಂಡರ್, ಕ್ಯಾಮ್, ಎಗ್ಜಾಸ್ಟ್

ಕಂಪ್ರೆಶನ್ ಪರೀಕ್ಷೆಯನ್ನು ಎಂಜಿನ್ ಬಿಸಿಯಿರುವಾಗಲೇ, ನಿಲ್ಲಿಸಿದ ಕೂಡಲೇ ಮಾಡಿ. 80 ಪಿಎಸ್‌ಐ ಕೊಟ್ಟು ಸಿಲಿಂಡರ್ ಎಷ್ಟು ಹಿಡಿದುಕೊಳ್ಳುತ್ತದೆ ನೋಡುವುದು. 60ರ ಕೆಳಗೆ ಇಳಿದರೆ ಒಪ್ಪುವುದಿಲ್ಲ ಎಂಬುದು ಹಳೆಯ ವಾಡಿಕೆ. ತಯಾರಕರ ಇಂದಿನ ಸೂಚನೆ ನೋಡಿಯೇ ತೀರ್ಮಾನಿಸಿ. ಸಿಲಿಂಡರ್‌ಗಳ ನಡುವೆ 10ರಿಂದ 15 ಪಿಎಸ್‌ಐ ವ್ಯತ್ಯಾಸ ಬಂದರೂ ಗಮನ ಬೇಕು. ಸದ್ದು ಎಲ್ಲಿಂದ ಎಂದು ಕಿವಿಗೊಡಿ: ಎಗ್ಜಾಸ್ಟ್ ಕೊಳವೆಯಿಂದ ಬಂದರೆ ಎಗ್ಜಾಸ್ಟ್ ವಾಲ್ವ್, ಇಂಟೇಕ್ ಕಡೆಯಿಂದ ಬಂದರೆ ಇಂಟೇಕ್ ವಾಲ್ವ್, ಬ್ರೀದರ್ ಅಥವಾ ಎಣ್ಣೆ ತುಂಬುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್. ಗಾಳಿಯ ಒತ್ತಡಕ್ಕೆ ಪ್ರೊಪೆಲ್ಲರ್ ಏಕಾಏಕಿ ತಿರುಗಿ ಕೈ ಮುರಿಯಬಲ್ಲದು. ಅದನ್ನು ಗಟ್ಟಿಯಾಗಿ ಹಿಡಿಯಲು ಎರಡನೆಯವರು ಇಲ್ಲದೆ ಈ ಪರೀಕ್ಷೆಗೆ ಇಳಿಯಲೇಬೇಡಿ.

ಎಲ್ಲ ಸಿಲಿಂಡರ್ 75ರ ಮೇಲಿದ್ದು, ಮಿಕ್ಸ್ಚರ್, ಗಾಳಿ, ಕಿಡಿ ಎಲ್ಲ ಸರಿಯಿದ್ದು, ಆರ್‌ಪಿಎಂ ಮಾತ್ರ ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಇಳಿಯುತ್ತ ಬಂದಿದೆ ಎಂದರೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್‌ನ ಸವೆತವನ್ನು ಶಂಕಿಸಿ. ಕಂಪ್ರೆಶನ್ ಪರೀಕ್ಷೆಯಲ್ಲಿ ವಾಲ್ವ್‌ಗಳು ಮುಚ್ಚಿರುತ್ತವೆ; ಅವು ಎಷ್ಟು ತೆರೆಯುತ್ತವೆ ಎಂಬುದನ್ನು ಆ ಪರೀಕ್ಷೆ ಕೇಳುವುದೇ ಇಲ್ಲ. ರಾಕರ್ ಕವರ್ ತೆಗೆದು, ಡಯಲ್ ಇಂಡಿಕೇಟರ್ ಇಟ್ಟು ಪ್ರತಿ ವಾಲ್ವ್‌ನ ಏರಿಕೆಯನ್ನು ಅಳೆದು ಒಂದಕ್ಕೊಂದು ಹೋಲಿಸಿ. ಎಣ್ಣೆ ಫಿಲ್ಟರ್ ಕತ್ತರಿಸಿ ಕಬ್ಬಿಣದ ಚೂರು ಇದೆಯೇ ಎಂದು ಆಯಸ್ಕಾಂತ ಹಿಡಿದು ನೋಡಿ. ತಿಂಗಳುಗಟ್ಟಲೆ ನಿಂತೇ ಇದ್ದ ವಿಮಾನಗಳಲ್ಲಿ ತುಕ್ಕಿನಿಂದ ಇದು ಹೆಚ್ಚು.

ಮಫ್ಲರ್ ಒಳಗಿನ ತಡೆಗಳು ಮುರಿದು ದ್ವಾರಕ್ಕೆ ಅಡ್ಡ ಬಿದ್ದರೆ ಸುಟ್ಟ ಅನಿಲ ಹೊರಹೋಗದೆ ಹೊಸ ಗಾಳಿಗೆ ಜಾಗ ಸಿಗುವುದಿಲ್ಲ. ಚೂರು ಅಲುಗಾಡುತ್ತಿರುವುದರಿಂದ ಒಂದು ದಿನ ಶಕ್ತಿ ಸರಿ, ಇನ್ನೊಂದು ದಿನ ಇಲ್ಲ. ಬಂದು ಹೋಗುವ ದೋಷವಾದರೆ ಎಗ್ಜಾಸ್ಟ್ ತಣ್ಣಗಾದ ಮೇಲೆ ತುದಿಯಿಂದ ಟಾರ್ಚ್ ಬಿಟ್ಟು ನೋಡಿ, ತಟ್ಟಿ ಸದ್ದು ಕೇಳಿ.

ಕಾನ್‌ಸ್ಟಂಟ್ ಸ್ಪೀಡ್ ಮತ್ತು ಟರ್ಬೊ

ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್‌ನಲ್ಲಿ ಗವರ್ನರ್ ಪಿಚ್ ಬದಲಿಸಿ ಆರ್‌ಪಿಎಂ ಕಾಪಾಡುತ್ತದೆ, ಆದ್ದರಿಂದ ಮೇಲಿನ ಸ್ಟ್ಯಾಟಿಕ್ ಆರ್‌ಪಿಎಂ ಸಾಕ್ಷಿಯೊಂದನ್ನೇ ನೆಚ್ಚುವಂತಿಲ್ಲ. ಇಲ್ಲಿ ಮ್ಯಾನಿಫೋಲ್ಡ್ ಪ್ರೆಶರ್, ಇಂಧನ ಹರಿವು, ಎಗ್ಜಾಸ್ಟ್ ತಾಪ ಮೂರನ್ನೂ ಒಟ್ಟಿಗೆ ಓದಬೇಕು. ಒತ್ತಡ ಆ ಜಾಗಕ್ಕೆ ತಕ್ಕಂತಿದ್ದು ಇಂಧನ ಹರಿವು ಚಾರ್ಟ್‌ಗೆ ಹೊಂದುತ್ತಿದ್ದರೆ ಗಾಳಿಯ ಪಾಲೇ ಹೆಚ್ಚು. ಒತ್ತಡ ಸರಿಯಿದ್ದು ಹರಿವು ಕಡಿಮೆ, ಎಗ್ಜಾಸ್ಟ್ ತಾಪ ಹೆಚ್ಚು ಎಂದರೆ ಇಂಧನ ವ್ಯವಸ್ಥೆ ನೋಡಿ.

ಟರ್ಬೊ ಎಂಜಿನ್ ತನ್ನ ಕ್ರಿಟಿಕಲ್ ಆಲ್ಟಿಟ್ಯೂಡ್ ಎಂಬ ಗೊತ್ತಾದ ಎತ್ತರದವರೆಗೆ ಪೂರ್ತಿ ಮ್ಯಾನಿಫೋಲ್ಡ್ ಪ್ರೆಶರ್ ಕೊಡಬೇಕು. ನೆಲದಲ್ಲೇ ಅದು ಬರದಿದ್ದರೆ ತೆಳುಗಾಳಿಯನ್ನು ಕಾರಣ ಮಾಡುವಂತಿಲ್ಲ. ತೆರೆದೇ ಉಳಿದ ವೇಸ್ಟ್‌ಗೇಟ್ (ಎಗ್ಜಾಸ್ಟನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ಕದ), ಟರ್ಬೈನ್‌ಗೆ ಮುಂಚಿನ ಎಗ್ಜಾಸ್ಟ್ ಸೋರಿಕೆ, ಕಂಪ್ರೆಸರ್ ನಂತರದ ಹೋಸ್ ಕ್ಲ್ಯಾಂಪ್, ಈ ಕ್ರಮದಲ್ಲಿ ಹುಡುಕಿ. ಎತ್ತರದಲ್ಲಿ ಮಾತ್ರ ಮಿಸ್‌ಫೈರ್ ಆದರೆ ಮ್ಯಾಗ್ನೆಟೊ ನೋಡಿ: ತೆಳು ಗಾಳಿಯಲ್ಲಿ ಕಿಡಿ ಪ್ಲಗ್ ತಲುಪುವ ಮೊದಲೇ ಮ್ಯಾಗ್ನೆಟೊ ಒಳಗೆ ಹಾರಿಬಿಡುತ್ತದೆ. ಅದನ್ನು ತಡೆಯಲೆಂದೇ ಒತ್ತಡದ ಗಾಳಿ ತುಂಬಿದ ಮ್ಯಾಗ್ನೆಟೊಗಳಿವೆ, ಅವುಗಳ ಹೋಸ್ ಮತ್ತು ಫಿಲ್ಟರ್ ಪರೀಕ್ಷಿಸಿ.

ಎಲ್ಲ ಸರಿಯಿದ್ದೂ ವಿಮಾನ ಏಳದಿದ್ದರೆ

ಸ್ಟ್ಯಾಟಿಕ್ ಆರ್‌ಪಿಎಂ ಮಿತಿಯೊಳಗೆ, ಮ್ಯಾಗ್ನೆಟೊ ಸರಿ, ಮಿಕ್ಸ್ಚರ್ ಸರಿ. ಆಗ ದೂರನ್ನು ಗಾಳಿಯ ಲೆಕ್ಕದಿಂದಲೇ ವಿವರಿಸಬಹುದೇ ನೋಡಿ. ಟೇಕ್‌ಆಫ್ ದೂರಕ್ಕೆ 1000 ಅಡಿ ಎತ್ತರಕ್ಕೊಂದು ಶೇ. 10, ತಾಪದ 10 ಡಿಗ್ರಿ ಏರಿಕೆಗೊಂದು ಶೇ. 10 ಎಂಬುದು ಬಳಕೆಯ ಗುಣಾಂಕ. ನಮ್ಮ ಉದಾಹರಣೆಗೆ ಇವನ್ನು ಒಂದರ ಮೇಲೊಂದು ಗುಣಿಸಿದರೆ ಸಮುದ್ರಮಟ್ಟದ ದೂರದ ಸುಮಾರು 1.7 ಪಟ್ಟು ಬರುತ್ತದೆ. ಎಳೆತ ಇಳಿದಿರುವುದು ಒಂದು ಕಾರಣ. ಇನ್ನೊಂದು, ಮೀಟರ್ 55 ನಾಟ್ ತೋರಿಸುವಾಗ ಚಕ್ರ ನಿಜಕ್ಕೂ 60 ನಾಟ್‌ನಲ್ಲಿ ಉರುಳುತ್ತಿರುತ್ತದೆ. ಅಷ್ಟು ವೇಗ ಗಳಿಸಲು ಹೆಚ್ಚು ನೆಲ ಬೇಕು. ವಿಮಾನದ ಕೈಪಿಡಿಯ ಚಾರ್ಟ್ ಇದ್ದಲ್ಲಿ ಅದರ ಸಂಖ್ಯೆಯನ್ನೇ ಹಿಡಿಯಿರಿ. ಪೈಲಟ್ ಹೇಳಿದ ದೂರ ಅದಕ್ಕೆ ಹೊಂದಿದರೆ ಎಂಜಿನ್ ಮುಟ್ಟಬೇಡಿ; ತೂಕ ಇಳಿಸುವುದು ಅಥವಾ ಬೆಳಗಿನ ತಂಪಿನಲ್ಲಿ ಹೊರಡುವುದೇ ಮದ್ದು. ಹೊಂದದಿದ್ದರೆ ಬ್ರೇಕ್ ಹಿಡಿದುಕೊಂಡಿದೆಯೇ, ಟೈರ್ ಒತ್ತಡ ಕಡಿಮೆಯೇ, ಫ್ಲ್ಯಾಪ್ ಸರಿಯಾದ ಡಿಗ್ರಿಯಲ್ಲಿತ್ತೇ, ತುಂಬಿದ ತೂಕ ಎಷ್ಟು ಎಂದು ವಿಚಾರಿಸಿ.

ಲಾಗ್‌ಬುಕ್‌ನಲ್ಲಿ ಬರೆಯುವಾಗ ಆರ್‌ಪಿಎಂ ಒಂದನ್ನೇ ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಪ್ರೆಶರ್ ಆಲ್ಟಿಟ್ಯೂಡ್, ತಾಪ, ಗಾಳಿಯ ದಿಕ್ಕು, ಮಿಕ್ಸ್ಚರ್ ಸ್ಥಾನ, ಅಳೆದ ಉಪಕರಣ, ಎಂಜಿನ್ ನಿಂತಾಗಿನ ಮತ್ತು ಫುಲ್ ಥ್ರಾಟಲ್‌ನ ಮ್ಯಾನಿಫೋಲ್ಡ್ ಪ್ರೆಶರ್ ಜೊತೆಗಿರಲಿ. ರಿಪೇರಿಯಾದ ಮೇಲೆ ಅದೇ ನೆಲದಲ್ಲಿ, ಅದೇ ಬಗೆಯಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಎರಡೂ ಸಾಲನ್ನು ಒಂದರ ಕೆಳಗೊಂದು ಬರೆಯಿರಿ.